ಕೊಟ್ಟ ಹೆಣ್ಣಿನ ಹೆಸರಲ್ಲೊಂದು ಕುರಿ ಕೇಸು

ಇದು ನಡೆದ ಕತೆ. ಬಾಯಿಮಾತಿಗೆ ಹೇಳುತ್ತಿರುವುದಲ್ಲ, ನಿಜಕ್ಕೂ ನಡೆದದ್ದು. ನಡೆದವಳು ಯಶೋದಾ. ಠಾಣೆಗೆ ನಡೆದಳು, ವಕೀಲರ ಆಫೀಸಿಗೆ ನಡೆದಳು, ಕೋರ್ಟಿಗೆ ನಡೆದಳು. ಬಸ್ಸು ಕೈಕೊಟ್ಟ ದಿನ ಐಮಂಗಲದ ಸರ್ವಿಸ್ ರಸ್ತೆಯುದ್ದಕ್ಕೂ ಲಾರಿಗಳ ದೂಳು ತಿನ್ನುತ್ತ ನಡೆದಳು. ಇಷ್ಟೆಲ್ಲ ನಡೆದದ್ದು ತನ್ನ ನಡತೆ ಚೆನ್ನಾಗಿದೆ ಎಂದು ಪೊಲೀಸರ ಕೈಯಲ್ಲಿ ಒಂದು ಸಾಲು ಬರೆಸಿಕೊಳ್ಳುವುದಕ್ಕೆ. ನಡತೆಯೇನೋ ಮೊದಲಿಂದಲೂ ಚೆನ್ನಾಗಿಯೇ ಇತ್ತು, ಕೆಟ್ಟದ್ದು ನಡಿಗೆ. ಹಿಮ್ಮಡಿ ಒಡೆದು ಕುಂಟುವ ಹಾಗಾಯಿತು.

ಯಶೋದಾ ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಊರು ಜವನಗೊಂಡನಹಳ್ಳಿ ಹೋಬಳಿಯ ಕಾರೆಹಟ್ಟಿ, ಮನೆಗಳಿಗಿಂತ ಕುರಿದೊಡ್ಡಿಗಳೇ ಹೆಚ್ಚಿರುವ ಜಾಗ. ಡಯಾಲಿಸಿಸ್ ವಾರ್ಡಿನಲ್ಲಿ ವರ್ಷಗಟ್ಟಲೆ ಬೇರೆಯವರ ರಕ್ತ ಸೋಸಿ ಸೋಸಿ, ತನ್ನ ರಕ್ತ ಸುಟ್ಟುಕೊಂಡವಳು. ಬರುವ ಸಂಬಳ ಹಾಸ್ಟೆಲಿನ ಬಾಡಿಗೆಗೂ ಕಾಲುನೋವಿನ ಮುಲಾಮಿಗೂ ಸರಿಹೋಗುತ್ತಿತ್ತು. ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲ ಎದ್ದು, ನ್ಯೂಜಿಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಗಿಟ್ಟಿಸಿದ್ದಳು. ಕಾಗದಪತ್ರಕ್ಕೆ ಮಾರ್ಚ್ ಮುಗಿಯುವ ತನಕ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅಲ್ಲಿಯವರು ನಯವಾಗಿಯೇ ತಿಳಿಸಿದ್ದರು.

ವೀಸಾ ಕೊಡುವವರಿಗೆ ಅವಳ ಇಂಗ್ಲಿಷು ಸಾಲದು, ನರ ಹುಡುಕಿ ಸೂಜಿ ಚುಚ್ಚುವ ಅವಳ ಕೈಗುಣವೂ ಸಾಲದು. ಅವಳ ಮೇಲೆ ಹುಟ್ಟಿದ ದೇಶದಲ್ಲಿ ಯಾವ ಕ್ರಿಮಿನಲ್ ಕೇಸೂ ಇಲ್ಲ ಎಂದು ಪೊಲೀಸರು ಹೇಳಬೇಕು. ಅದೊಂದು ದೊಡ್ಡ ವಿಷಯವೇ ಅಲ್ಲ ಎಂದುಕೊಂಡು ಯಶೋದಾ ಅರ್ಜಿ ಹಾಕಿದಳು. ಇರುವೆ ತುಳಿದರೂ ಹಿಂತಿರುಗಿ ನೋಡುವ ಹೆಣ್ಣು ಅವಳು.

ವಾರ ಕಳೆದು ಠಾಣೆಯಿಂದ ಫೋನು ಬಂತು. ಪಾಸ್‌ಪೋರ್ಟ್ ವಿಚಾರಣೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್ ಹನುಮಂತರಾಜು ಅವಳನ್ನು ಕೂರಿಸಿ, ಕನ್ನಡಕ ಒರೆಸಿಕೊಂಡು, ಕಂಪ್ಯೂಟರಿನತ್ತ ನೋಡಿ ನಿಟ್ಟುಸಿರು ಬಿಟ್ಟರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಅವರ ನಿಟ್ಟುಸಿರಿಗೂ ಸರ್ವಿಸ್ ಆಗಿತ್ತು.

“ಯಶೋದಾ, ತಂದೆ ಚಿತ್ತಯ್ಯ, ಕಾರೆಹಟ್ಟಿ. ಈ ಹೆಸರಿನೋರು ಹಟ್ಟಿಯಾಗೆ ಇನ್ನೊಬ್ರು ಅದಾರೇನಮ್ಮ?”

“ಇಲ್ಲ ಸಾರ್.”

“ಹಂಗಾದ್ರೆ ನೀವೇ. ನಿಮ್ ಮೇಲೆ ವಾರಂಟ್ ಐತೆ.”

“ನನ್ ಮೇಲಾ? ಏನ್ ಮಾಡಿದೀನಿ ಅಂತ?”

“ರಿಸರ್ವ್ ಫಾರೆಸ್ಟ್‌ನಾಗೆ ಕುರಿ ಮೇಯ್ಸಿದೀರಿ. ಹನ್ನೆರಡು ವರ್ಷ ಆತು. ಕೋರ್ಟಿಂದ ಸಮನ್ಸ್ ಬಂತು, ‘ಸದರಿ ಹೆಣ್ಣುಮಗಳು ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾಳೆ’ ಅಂತ ವಾಪಸ್ ಹೋಗೈತೆ. ಆಮೇಲೆ ವಾರಂಟು.”

“ನಂಗಿನ್ನೂ ಮದುವೆನೇ ಆಗಿಲ್ಲ ಸಾರ್.”

ಹನುಮಂತರಾಜು ತಲೆಯೆತ್ತಿ ಅವಳನ್ನು ನೋಡಿದರು. “ಅದು ಕೇಸಿಗೆ ಸಂಬಂಧ ಇಲ್ಲಮ್ಮ.”

ಆ ವರ್ಷ ಯಶೋದಾ ಚಿತ್ರದುರ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು. ಕುರಿಯ ಮುಖ ನೋಡಿದ್ದು ಹಬ್ಬಕ್ಕೆ ಊರಿಗೆ ಬಂದಾಗ, ಅದೂ ಎಲೆಯ ಮೇಲೆ. ಅದನ್ನೇ ಹೇಳಿದಳು.

“ರೂಲ್ ಪ್ರಕಾರ ನಾನು ಈಗ ನಿಮ್ಮನ್ನ ಹಿಡ್ಕಂಡು ಹೋಗ್ಬೇಕು,” ಎಂದರು ಹನುಮಂತರಾಜು. “ಟೀ ಕುಡೀತೀರಾ?”

ಅವಳು ಬೇಡವೆಂದಳು. ಅವರು ಇಬ್ಬರಿಗೂ ತರಿಸಿದರು. “ಒಬ್ರು ವಕೀಲ್ರನ್ನ ಹಿಡ್ಕಂಡು ನೀವೇ ಕೋರ್ಟಿಗೆ ಹೋಗ್ರಿ. ನಾನು ಹಿಡ್ಕಂಡು ಹೋಗೋಕಿಂತ ಅದು ವಾಸಿ. ಕೋರ್ಟು ನಿಮ್ಮನ್ನ ಬಿಟ್ಟ ಮೇಲೆ ನನ್ನತ್ರ ಬರ್ರಿ, ನಾನೇನೂ ಹಟ ಮಾಡಲ್ಲ.”

ಅದೇ ಸಂಜೆ ಅವಳು ಹಟ್ಟಿಗೆ ಹೋದಳು. ಅಪ್ಪ ಚಿತ್ತಯ್ಯ ದೊಡ್ಡಿಯ ಮುಳ್ಳುಬೇಲಿ ಸರಿಪಡಿಸುತ್ತಿದ್ದ. ಅಜ್ಜಿ ಓಬವ್ವ ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದಳು. ತಮ್ಮ ಯೋಗೇಶ್ ಐಮಂಗಲದ ಹೈವೇ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾದವರ ಜೊತೆ ಮಿಮಿಕ್ರಿ ಮಾಡುವವನು. ಯಾರ ದನಿ ಬೇಕಾದರೂ ಅವನ ಗಂಟಲಿನಲ್ಲಿ ಬಾಡಿಗೆಗೆ ಇರುತ್ತಿತ್ತು. ಅವನದೇ ದನಿ ಮಾತ್ರ ಮನೆಯವರಿಗೂ ಅಪರೂಪ. ಯಶೋದಾ ವಿಷಯ ಹೇಳಿ ಮುಗಿಸುವುದಕ್ಕೇ ಅವನು ಬಿಡಲಿಲ್ಲ, ಮೂಗಿನಿಂದ ಒಬ್ಬ ಬಿಳಿಯ ಸಾಹೇಬನನ್ನು ಹೊರಡಿಸಿದ:

“ಮಿಸ್ ಯಶೋಡಾ, ನಮ್ಮ ಡೇಶದಲ್ಲಿ ಮನುಷ್ಯರಿಗಿಂಟ ಕುರಿ ಜಾಸ್ಟಿ. ನಿಮ್ಮಂಟಾ ಕುರಿ ಕ್ರಿಮಿನಲ್ ಒಳಗೆ ಬಿಟ್ಟರೆ ಅವುಗಳ ಗಟಿ ಏನು?”

“ಲೇ, ಸುಮ್ನಿರ್ತೀಯಾ?” ಎಂದಳು ಯಶೋದಾ. ಬೈಯುವುದಕ್ಕೂ ಅವಳಲ್ಲಿ ಶಕ್ತಿ ಇರಲಿಲ್ಲ. “ಅಪ್ಪಾ, ನನ್ ಹೆಸ್ರು ಅಲ್ಲಿಗೆ ಹೆಂಗೆ ಹೋತು?”

ಚಿತ್ತಯ್ಯ ಮುಳ್ಳು ಕೆಳಗಿಟ್ಟು ನಿಧಾನಕ್ಕೆ ಹೇಳಿದ. ಕಾರೆಹಟ್ಟಿಯ ಕುರಿ ಕಾಡಿಗೆ ಹೋಗದೆ ಇರುವುದಿಲ್ಲ, ಗಾರ್ಡು ಹಿಡಿಯದೆ ಇರುವುದಿಲ್ಲ. ವರ್ಷಕ್ಕಿಷ್ಟು ಕೇಸು ತೋರಿಸದಿದ್ದರೆ ಗಾರ್ಡಿಗೆ ಮೇಲಿನವರಿಂದ ಬೈಗುಳ. ಹಾಗಾಗಿ ಅವನಿಗೆ ಬೇಕಾದ್ದು ಕುರಿಯಲ್ಲ, ಒಂದು ಹೆಸರು. ಹಟ್ಟಿಯ ಹಿರಿಯರು ಯಾವ ಕಾಲದಲ್ಲೋ ಕೂತು ಇದಕ್ಕೊಂದು ಉಪಾಯ ಮಾಡಿದ್ದರು. ಗಂಡಸರ ಹೆಸರು ಕೊಟ್ಟರೆ ಸಮನ್ಸು ಹಟ್ಟಿಗೇ ಬರುತ್ತದೆ, ಕೆಲಸ ಬಿಟ್ಟು ಕೋರ್ಟಿಗೆ ಅಲೆಯಬೇಕು. ಅದೇ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೋ, ಕೊಡಲಿರುವವರ ಹೆಸರನ್ನೋ ಹೇಳಿಬಿಟ್ಟರೆ ಸಮನ್ಸು ಬಂದ ದಾರಿಗೆ ವಾಪಸ್ ಹೋಗುತ್ತದೆ. ಹೆಣ್ಣು ಗಂಡನ ಮನೆಯಲ್ಲಿ ಸುಖವಾಗಿರುತ್ತಾಳೆ, ಕೇಸು ತವರಿನಲ್ಲಿ ಸುಖವಾಗಿರುತ್ತದೆ, ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವ ಪ್ರಮೇಯವಿಲ್ಲ.

“ಆ ವರ್ಷ ನಿಂಗೆ ಹೊಸದುರ್ಗದ ಗಂಡು ಗೊತ್ತಾಗಿತ್ತಲ್ಲವ್ವ,” ಎಂದ ಚಿತ್ತಯ್ಯ. “ಇನ್ನೇನು ಹೋಗೋಳು ಅಂತ ಯಾರೋ ನಿನ್ ಹೆಸ್ರು ಹೇಳಿರ್ಬೇಕು.”

ಓದು ಬಿಡಿಸುತ್ತೇವೆ ಎಂದು ಗಂಡಿನವರು ಅಂದದ್ದಕ್ಕೆ ಆ ಸಂಬಂಧವನ್ನು ಯಶೋದಾಳೇ ಮುರಿದುಕೊಂಡಿದ್ದಳು. ಬಳೆ ವಾಪಸ್ಸಾದವು, ಸೀರೆ ವಾಪಸ್ಸಾಯಿತು. ಕೇಸು ವಾಪಸ್ ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ಅದ್ರಾಗೆ ತಪ್ಪೇನೈತೆ?” ಎಂದಳು ಓಬವ್ವ, ಕುಟ್ಟುವುದು ನಿಲ್ಲಿಸದೆ. “ನನ್ ತವರಾಗೆ ನನ್ ಮೇಲೂ ಎರಡು ಕೇಸವೆ. ನಿಮ್ಮತ್ತೆ ಮೇಲೆ ಮೂರು. ಹಬ್ಬಕ್ಕೆ ಸೀರೆ ಮರೆತ್ರೂ ಕಾಡಿನೋರು ಕೇಳಿದಾಗ ನಮ್ಮಣ್ಣ ನನ್ ಹೆಸ್ರು ಮರೀತಿರ್ಲಿಲ್ಲ. ಕೊಟ್ಟ ಹೆಣ್ಣನ್ನ ನೆನೆಸ್ಕಂತಾರಲ್ಲ, ಅಷ್ಟೇ ಸಾಕು ಅನ್ಕಂಡಿದ್ದೆ.”

ಯಶೋದಾ ಅಜ್ಜಿಯನ್ನು ನೋಡಿದಳು. ಅವಳಿಗೆ ಸಿಟ್ಟು ಬರಬೇಕಿತ್ತು; ಬಂದದ್ದು ಆಕಳಿಕೆ. ಹಿಂದಿನ ರಾತ್ರಿ ಪಾಳಿ ಮುಗಿಸಿ ಬಂದವಳು ಕಣ್ಣು ಮುಚ್ಚಿರಲಿಲ್ಲ.

ಹಿರಿಯೂರಿನ ವಕೀಲ ಲಕ್ಷ್ಮೀಕಾಂತ್ ಕಡತ ತಿರುವಿ ಹಾಕಿ, ಬಾಯಿಗೆ ಸೋಂಪು ಎಸೆದುಕೊಂಡರು. “ಇದೇನು ಮಹಾ. ತಪ್ಪೊಪ್ಕಂಡ್ಬಿಡಿ. ಸಣ್ಣ ದಂಡ ಹಾಕ್ತಾರೆ, ಕಟ್ಟಿ, ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀರಿ.”

“ಆಮೇಲೆ ವೀಸಾ ಅರ್ಜಿಯಲ್ಲಿ, ನಿಮಗೆ ಯಾವತ್ತಾದ್ರೂ ಶಿಕ್ಷೆ ಆಗಿದ್ಯಾ ಅಂತ ಕೇಳ್ತಾರೆ ಸಾರ್. ಏನಂತ ಬರೀಲಿ?”

“ಆಗಿದೆ ಅಂತ ಬರೀರಿ. ಪೇಪರ್ ಮೇಲೆ ತಾನೆ ಆಗಿರೋದು.”

“ಅವರು ನೋಡೋದೂ ಪೇಪರೇ ಅಲ್ವಾ ಸಾರ್.”

“ಕುರಿ ಮೇಯ್ಸಿದ್ದಕ್ಕೆ ಯಾವ ದೇಶದೋರೂ ಬೇಡ ಅನ್ನಲ್ಲ ಕಣಮ್ಮ.”

“ಅನ್ನಲ್ಲ ಅಂತ ನೀವು ಬರ್ಕೊಡ್ತೀರಾ?”

ಲಕ್ಷ್ಮೀಕಾಂತ್ ಸೋಂಪು ಜಗಿದರೇ ಹೊರತು ಬರೆದುಕೊಡುತ್ತೇನೆ ಎನ್ನಲಿಲ್ಲ. ಕೇಸು ನಡೆಸುವುದಾದರೆ ಅಂದು ಹಿಡಿದ ಗಾರ್ಡು ಬಂದು ಸಾಕ್ಷಿ ಹೇಳಬೇಕು, ಅವನು ಇವಳೇ ಎಂದುಬಿಟ್ಟರೆ ಶಿಕ್ಷೆ ಗ್ಯಾರಂಟಿ, ವೀಸಾ ಕತೆ ಅಲ್ಲಿಗೆ ಮುಗಿಯಿತು ಎಂದು ವಿವರಿಸಿದರು. ಒಪ್ಪಿಕೊಂಡರೆ ಒಂದು ದಿನದ ಕೆಲಸ. ಯಶೋದಾಳಿಗೆ ಒಪ್ಪಿಕೊಳ್ಳುವುದು ಎಷ್ಟು ಸುಲಭ ಎನ್ನಿಸಿತು. ಮನೆಗೆ ಹೋಗಿ ಮಲಗಬಹುದು. ಅವಳಿಗೆ ನಿದ್ದೆ ಅಷ್ಟು ಬೇಕಾಗಿತ್ತು.

“ನಾನು ಮೇಯ್ಸಿಲ್ಲ ಸಾರ್,” ಎಂದಳು ಕೊನೆಗೆ. “ಮೇಯ್ಸಿದ್ರೆ ಒಪ್ಕಂತಿದ್ದೆ.”

ಕೋರ್ಟಿನಲ್ಲಿ ವಾರಂಟು ರದ್ದಾಯಿತು. ಹಳೆಯ ಕೇಸು, ಬೇಗ ಮುಗಿಸೋಣ ಎಂದು ನ್ಯಾಯಾಧೀಶರು ಗಾರ್ಡಿಗೆ ಸಾಕ್ಷಿಯ ಸಮನ್ಸು ಹೊರಡಿಸಿದರು. ಆಮೇಲಿನದು ಕಾಯುವ ಕೆಲಸ. ಕಾಯುವುದು ಕುರಿಯವರ ಮನೆಯಲ್ಲಿ ಹುಟ್ಟಿದವಳಿಗೆ ಹೊಸದಲ್ಲ ನಿಜ, ಆದರೆ ಕುರಿ ಕಾಯುವವನಿಗೆ ಸಂಜೆಯಾದರೆ ದೊಡ್ಡಿ ಸಿಗುತ್ತದೆ. ಕೋರ್ಟಿನ ಕಾರಿಡಾರಿನಲ್ಲಿ ಕಾಯುವವರಿಗೆ ಮುಂದಿನ ತಾರೀಖು ಸಿಗುತ್ತದೆ. ಜನವರಿ ಹೋಯಿತು. ಫೆಬ್ರವರಿಯಲ್ಲಿ ನ್ಯೂಜಿಲೆಂಡಿನಿಂದ ಇನ್ನೊಂದು ನಯವಾದ ಮೇಲ್ ಬಂತು. ಅವಳು ರಾತ್ರಿ ಪಾಳಿ ಮಾಡಿ, ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಹಿರಿಯೂರಿಗೆ ಬಂದು, ಮಧ್ಯಾಹ್ನ ವಾಪಸ್ ಹೋಗಿ, ಮತ್ತೆ ಪಾಳಿಗೆ ನಿಲ್ಲುವುದು ರೂಢಿಯಾಯಿತು. ಒಂದು ಸಲ ಕೋರ್ಟಿನಲ್ಲಿ ಹೆಸರು ಕೂಗಿದಾಗ ಅರೆನಿದ್ದೆಯಲ್ಲಿ “ಬಂದೆ, ಬೆಡ್ ನಂಬರ್ ಎಷ್ಟು?” ಎಂದು ಎದ್ದು ನಿಂತಿದ್ದಳು.

ಗಾರ್ಡಿನ ಹೆಸರು ಕಾಟಲಿಂಗಪ್ಪ. ನಿವೃತ್ತನಾಗಿ ಹೊಳಲ್ಕೆರೆಯಲ್ಲಿದ್ದಾನೆಂದು ತಿಳಿಯಿತು. ಸಾಕ್ಷಿ ಹೇಳುವ ಮುಂಚೆ ಅವನನ್ನು ಒಮ್ಮೆ ಕಂಡು ಬರೋಣವೆಂದು ಭಾನುವಾರ ಯಶೋದಾ, ಯೋಗೇಶ್ ಹೊರಟರು. ಓಬವ್ವ ಕರೆಯದೇ ಬಂದು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತಳು.

“ನೀನ್ಯಾಕಜ್ಜಿ? ನಿಂಗೆ ಬಸ್ಸು ಆಗಿಬರಲ್ಲ.”

“ಆ ಕಾಟಲಿಂಗನ್ನ ನೋಡಿ ಬಾಳ ದಿನ ಆತು,” ಎಂದಳು ಓಬವ್ವ, ನೆಂಟರ ಮನೆಗೆ ಹೊರಟವಳಂತೆ.

ಕಾಟಲಿಂಗಪ್ಪ ಮನೆಯ ಮುಂದೆ ನಾಲ್ಕು ಮೇಕೆ ಕಟ್ಟಿಕೊಂಡು ಕೂತಿದ್ದ. ಕೈಯಲ್ಲಿ ಸೊಪ್ಪು. ಓಬವ್ವ ಗೇಟಿನಲ್ಲೇ ನಿಂತು ಮೇಕೆಗಳನ್ನೂ ಅವನನ್ನೂ ಸರದಿಯಲ್ಲಿ ನೋಡಿದಳು.

“ಏನಪ್ಪ, ಈಗ ನಿನ್ನನ್ನ ಯಾರು ಹಿಡೀತಾರೆ?”

“ಓಬಕ್ಕಾ!” ಅವನು ಎದ್ದೇಬಿಟ್ಟ. “ಬರ್ರಿ, ಬರ್ರಿ, ಕುಂತ್ಕಳ್ರಿ. ನಾನು ಕಾಡಿಗೆ ಬಿಡಲ್ಲ ಕಣಕ್ಕ, ಕಟ್ಟಿ ಸಾಕ್ತೀನಿ. ಕೇಸು ಹಾಕೋರು ಎಂಥೋರು ಅಂತ ನಂಗೆ ಗೊತ್ತಿಲ್ವಾ?”

ನೀರು ಬಂತು, ಮಂಡಕ್ಕಿ ಬಂತು. ಯಶೋದಾ ತಾನು ಯಾರೆಂದು ಹೇಳಿದ ಮೇಲೆ ಅವನ ಮುಖದ ಬಣ್ಣ ಹೋಯಿತು. ಸಮನ್ಸು ಅವನಿಗೂ ಬಂದಿತ್ತು.

“ನಾನು ಸುಳ್ಳು ಬರೀಲಿಲ್ಲಮ್ಮ. ಹೆಸ್ರು ಕೇಳ್ದೆ, ಕೊಟ್ರು, ಬರ್ಕಂಡೆ. ಈಗ ಕೋರ್ಟಿನಾಗೆ ನಿಂತು, ಇವಳನ್ನ ನಾನು ಕಂಡೇ ಇಲ್ಲ ಅಂದ್ರೆ, ಮತ್ತೆ ಹೆಂಗಯ್ಯ ಕೇಸು ಹಾಕ್ದೆ ಅಂತ ಕೇಳಲ್ವಾ? ಪಿಂಚಣಿಗೆ ಕಲ್ಲು ಬಿದ್ರೆ?”

“ಯಾರು ಕೊಟ್ರು ನನ್ ಹೆಸ್ರು?” ಎಂದಳು ಯಶೋದಾ.

ಕಾಟಲಿಂಗಪ್ಪ ಓಬವ್ವನ ಕಡೆ ನೋಡಿದ. ಓಬವ್ವ ಮಂಡಕ್ಕಿಯ ಕಡೆ ನೋಡಿದಳು.

“ಈವಮ್ಮನೇ,” ಎಂದ ಕಾಟಲಿಂಗಪ್ಪ. “ಆವತ್ತು ಕುರಿ ಹೊಡ್ಕಂಡು ಬಂದಿದ್ದೂ ಈವಮ್ಮನೇ. ಆಗ ಆ ಕಡೆಗೆ ನಾನು ಹೊಸಬ, ನಿನ್ ಹೆಸ್ರು ಏನಜ್ಜಿ ಅಂದೆ. ಯಶೋದಾ ಅಂದ್ರು. ಹೆಸ್ರು ಎಳೇದಾತು, ಮುಖ ಹಳೇದಾತು ಅಂತ ನಂಗೂ ಅನ್ನಿಸ್ತು. ಆದ್ರೆ ಬಿಸ್ಲು ಬಾಳ ಇತ್ತು.”

ಯೋಗೇಶನ ಗಂಟಲಲ್ಲಿ ಬಾಡಿಗೆಗಿದ್ದವರೆಲ್ಲ ಆ ಹೊತ್ತಿಗೆ ಮನೆ ಖಾಲಿ ಮಾಡಿದ್ದರು. ಯಶೋದಾ ಅಜ್ಜಿಯನ್ನು ಏನಾದರೂ ಅನ್ನಬೇಕೆಂದು ಬಾಯಿ ತೆರೆದಳು. ಈ ಮುದುಕಿ ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮಂಗಳಾರತಿಯ ಹೊತ್ತಿಗೆ ದೇವರ ಮುಂದೆ ಮೊಮ್ಮಕ್ಕಳ ಹೆಸರು ಒಂದೊಂದಾಗಿ ಹೇಳುವಾಗ ತನ್ನದನ್ನೇ ಮೊದಲು ಹೇಳುವವಳು. ಕಾಡಿನಲ್ಲಿಯೂ ಅದೇ ಮೊದಲು ಬಾಯಿಗೆ ಬಂದಿರಬೇಕು.

“ಹೋಗೋಳು ಅನ್ಕಂಡೆ ಕಣೆ ಯಶೋದಿ,” ಎಂದಳು ಓಬವ್ವ, ತಲೆಯೆತ್ತದೆ. “ಹೋಗೋ ಹೆಣ್ಣಿಗೆ ಏನೂ ಅಂಟ್ಕಳಲ್ಲ ಅನ್ಕಂಡೆ. ನೀನು ಇಷ್ಟು ದೂರ ಹೋಗ್ತೀಯ ಅಂತ ಯಾರಿಗೆ ಗೊತ್ತಿತ್ತು?”

ಆಮೇಲೆ ಅವಳು ಸೆರಗು ಕೊಡವಿ ಎದ್ದು ಕಾಟಲಿಂಗಪ್ಪನ ಎದುರು ನಿಂತಳು. “ನೋಡಪ್ಪ. ನಾನಂತೂ ಕೋರ್ಟಿಗೆ ಬರ್ತೀನಿ. ಆವತ್ತು ನಡೆದದ್ದನ್ನ ನೀನು ಹೇಳಿದ್ರೆ ನಿನ್ ಮಾತಿನಂಗೆ ಇರ್ತದೆ. ನಾನು ಹೇಳಿದ್ರೆ ನನ್ ಮಾತಿನಂಗೆ ಇರ್ತದೆ. ನನ್ ಬಾಯಿ ಎಂಥದು ಅಂತ ನಿಂಗೆ ಗೊತ್ತೈತೆ. ಯಾವುದು ಬೇಕು, ನೀನೇ ನೋಡ್ಕ.”

ಅವನು ತಿರುಗಿ ಮೇಕೆಗೆ ಸೊಪ್ಪು ಹಾಕಿದ.

ಬರುವಾಗ ಬಸ್ಸಿನಲ್ಲಿ ಯೋಗೇಶ್ ಅಕ್ಕನ ಕಿವಿಗೆ ಬಾಗಿ, ದೊಡ್ಡ ಅರಣ್ಯಾಧಿಕಾರಿಯ ಗಡಸು ದನಿಯಲ್ಲಿ ಗೊಣಗಿದ: “ಮಿಸ್ಟರ್ ಕಾಟಲಿಂಗಪ್ಪ, ನಾವು ಡಿಎಫ್‌ಓ ಮಾತಾಡ್ತಿರೋದು, ಕೋರ್ಟಿನಾಗೆ ನಿಜ ಹೇಳತಕ್ಕದ್ದು... ಹೆಂಗೈತಕ್ಕ? ಒಂದು ಫೋನ್ ಹಾಕ್ಲಾ?”

“ಹಾಕು,” ಎಂದಳು ಯಶೋದಾ ಕಣ್ಣು ಮುಚ್ಚಿಕೊಂಡೇ. “ಆಮೇಲೆ ಅಕ್ಕ ತಮ್ಮ ಒಂದೇ ಜೈಲಾಗೆ ಇರಾಣ. ನಂಗೂ ಒಂಚೂರು ನಿದ್ದೆ ಮಾಡಿದಂಗೆ ಆಗ್ತದೆ.”

ಸಾಕ್ಷಿಯ ದಿನ ಕಾಟಲಿಂಗಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಸರ್ಕಾರಿ ವಕೀಲರು ಯಶೋದಾಳ ಕಡೆ ಕೈ ತೋರಿಸಿ, ಆವತ್ತು ಕಾಡಿನಲ್ಲಿ ಕಂಡದ್ದು ಇವರನ್ನೇ ತಾನೆ ಎಂದು ಕೇಳಿದರು. ಅವನು ಯಶೋದಾಳನ್ನು ನೋಡಿದ. ನೋಡುತ್ತಲೇ ಇದ್ದ. ಇನ್ನೊಂದು ಮಾತು, ಅಷ್ಟೇ. ಇವಳೇ ಎಂದರೆ ಮುಗಿಯಿತು.

“ಅಲ್ಲ ಸ್ವಾಮಿ,” ಎಂದ ಕಾಟಲಿಂಗಪ್ಪ. “ಈ ಮಗೀನ ಆವತ್ತು ನಾನು ಕಂಡಿಲ್ಲ.”

“ಮತ್ತೆ ಹೆಸರು?” ಎಂದರು ನ್ಯಾಯಾಧೀಶರು.

“ಹೇಳಿದ್ರು, ಬರ್ಕಂಡೆ. ಅದೇ ನಾನು ಮಾಡಿದ ತಪ್ಪು.”

“ಮೇಯ್ಸಿದ್ದು ನಾನು ಸ್ವಾಮಿ!” ಹಿಂದಿನ ಬೆಂಚಿನಿಂದ ಓಬವ್ವ ಎದ್ದು ನಿಂತಳು. “ನನ್ ಕೇಸು ನಂಗೆ ಕೊಡ್ರಿ!”

“ಅಜ್ಜಿ, ಕುಂತ್ಕೊಳ್ಳಿ. ನಿಮ್ಮನ್ನ ಯಾರೂ ಕೇಳ್ಲಿಲ್ಲ.”

“ಯಾರೂ ಕೇಳ್ಲಿಲ್ಲ ಅಂತಾನೇ ಇಷ್ಟು ವರ್ಷ ಹೇಳ್ಲಿಲ್ಲ ಸ್ವಾಮಿ.”

ನ್ಯಾಯಾಧೀಶರು ಮುಖ ಕೆಳಗೆ ಹಾಕಿ ಏನೋ ಬರೆದುಕೊಂಡರು. ಬರೆಯುವಾಗ ಅವರ ಭುಜ ಸ್ವಲ್ಪ ಅಲುಗುತ್ತಿತ್ತು. ಹದಿನೈದು ದಿನದ ಮೇಲೆ ತೀರ್ಪು ಬಂತು. ಆರೋಪಿಯೇ ಅಪರಾಧ ಮಾಡಿದವಳು ಎಂಬುದಕ್ಕೆ ಸಾಕ್ಷ್ಯವಿಲ್ಲ, ಖುಲಾಸೆ. ಲಕ್ಷ್ಮೀಕಾಂತ್ ಕೈ ಕುಲುಕಿದರು. ಯಶೋದಾಳ ಖುಷಿ ಎಲ್ಲಿಯೋ ಬಸ್ಸು ತಪ್ಪಿಸಿಕೊಂಡಂತಿತ್ತು, ಬರಲೇ ಇಲ್ಲ. ತೀರ್ಪಿನ ನಕಲು ಪಡೆಯಲು ಮತ್ತೆರಡು ದಿನ ಅಲೆದಳು, ಅದನ್ನು ಹನುಮಂತರಾಜು ಅವರ ಮೇಜಿನ ಮೇಲಿಟ್ಟಳು.

“ಕೇಸು ತೆಗೆದಾತು,” ಎಂದರು ಅವರು. “ಇನ್ನು ನಡತೆ ವಿಚಾರಣೆ. ಹಟ್ಟಿಗೆ ಬಂದು ಅಕ್ಕಪಕ್ಕದೋರನ್ನ ಕೇಳ್ಬೇಕು. ಅದೊಂದು ಶಾಸ್ತ್ರ.”

“ಇನ್ನೂ ಐತಾ ಸಾರ್?”

“ಸರ್ಕಾರದಾಗೆ ಯಾವಾಗ್ಲೂ ಇನ್ನೂ ಇರ್ತದಮ್ಮ.”

ಮಾರ್ಚ್ ಕೊನೆಯ ವಾರ. ವಿಚಾರಣೆಯ ದಿನ ಪಾಳಿ ಬಿಡುವುದು ತಡವಾಗಿ, ಬಸ್ಸೂ ತಡವಾಗಿ, ಯಶೋದಾ ಹಟ್ಟಿ ಮುಟ್ಟುವಷ್ಟರಲ್ಲಿ ಹನುಮಂತರಾಜು ಬಂದು ಬಹಳ ಹೊತ್ತಾಗಿತ್ತು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಕೂತಿದ್ದರು. ಸುತ್ತ ಅರ್ಧ ಹಟ್ಟಿ. ಯಶೋದಾ ಕೈಮುಗಿದು ಮರದ ಬೊಡ್ಡೆಗೆ ಒರಗಿ ಕೂತಳು. ಕಣ್ಣು ಉರಿಯುತ್ತಿತ್ತು.

“ಹೂಂ, ಹೇಳ್ರಿ,” ಎಂದರು ಹನುಮಂತರಾಜು. “ಈ ಹೆಣ್ಣುಮಗಳ ನಡತೆ ಹೆಂಗೆ?”

ಪಕ್ಕದ ಮನೆಯ ಮುದ್ದಕ್ಕ ಸೆರಗು ಸರಿಮಾಡಿಕೊಂಡಳು. “ಇದ್ದಂಗೆ ಹೇಳ್ಬೇಕಾ ಸಾರ್, ಚಂದಾಗಿ ಹೇಳ್ಬೇಕಾ?”

“ಇದ್ದಂಗೆ.”

“ಕಳ್ಳಿ,” ಎಂದಳು ಮುದ್ದಕ್ಕ. “ನನ್ ಹಿತ್ತಲಾಗೆ ಒಂದು ಸೀಬೆಕಾಯಿ ಉಳಿಸಿಲ್ಲ.”

ಯಶೋದಾ ನೆಟ್ಟಗೆ ಕೂತಳು. “ಮುದ್ದಕ್ಕಾ, ಅದು ನಾನು ಎರಡ್ನೇ ಕ್ಲಾಸಾಗೆ...”

“ನೀವು ಮಾತಾಡಂಗಿಲ್ಲಮ್ಮ,” ಎಂದರು ಹನುಮಂತರಾಜು ಗಂಭೀರವಾಗಿ.

“ಬರ್ಕಳಪ್ಪ,” ಎಂದಳು ಓಬವ್ವ. “ದೊಡ್ಡಿ ಬಾಗಿಲು ತೆಗೆದು ಮರಿಗಳನ್ನೆಲ್ಲ ತಾಯಿ ಹತ್ರ ಬಿಟ್ಟೋಳು ಇವಳು. 'ಪಾಪ, ಹಸಿದಿದ್ವು' ಅಂತ. ಬೆಳಗಾಗೆದ್ದು ಕರೆಯಾಕೆ ಹೋದ್ರೆ ಒಂದು ತೊಟ್ಟು ಹಾಲಿಲ್ಲ.”

“ಅಜ್ಜೀ!”

“ಸೂಜಿ ಚುಚ್ಚೋದು ಕಲಿಯಾಕೆ ಹಟ್ಟಿ ಕುಂಬಳಕಾಯೆಲ್ಲ ತೂತು ಮಾಡಿದ್ಲು,” ಎಂದ ಚಿತ್ತಯ್ಯ, ಅಪ್ಪನೇ, ನೆಲ ನೋಡುತ್ತ. “ಸಾಂಬಾರು ಮಾಡಿದ್ರೆ ಸ್ಪಿರಿಟ್ ವಾಸ್ನೆ.”

ಯಶೋದಾಳಿಗೆ ಅಳು ಬಂತು. ಇವರಿಗೆ ಬುದ್ಧಿ ಇಲ್ಲವೇ? ಇದು ಜಗಲಿಯ ಹರಟೆಯಲ್ಲ, ಪೊಲೀಸು. ಬರೆದದ್ದು ಬರೆದಂತೆ ಸಮುದ್ರ ದಾಟಿ ಹೋಗುತ್ತದೆ. ಹೆಸರು ಕೊಟ್ಟು ಕೆಡಿಸಿದ್ದು ಸಾಲದೆಂದು ಈಗ ಹೆಸರನ್ನೇ ಕೆಡಿಸುತ್ತಿದ್ದಾರೆ. ಎದ್ದು ಎಲ್ಲರ ಬಾಯಿ ಮುಚ್ಚಿಸಬೇಕೆನ್ನಿಸಿತು. ಬದಲಿಗೆ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಆಗ ಹನುಮಂತರಾಜು ಅವರ ದಣಿದ ದನಿ ಓದಲು ಶುರುಮಾಡಿತು:

“ಸದರಿ ಯಶೋದಾ ಎಂಬುವಳು ಸೀಬೆ ಕಳ್ಳತನ, ಹಾಲು ದುರ್ಬಳಕೆ ಮತ್ತು ಕುಂಬಳಕಾಯಿಗೆ ಮಾರಣಾಂತಿಕ ಹಲ್ಲೆ ಮಾಡಿರುವುದು ವಿಚಾರಣೆಯಿಂದ ಕಂಡುಬಂದಿರುತ್ತದೆ. ಸದರಿಯವಳನ್ನು ಯಾವ ದೇಶಕ್ಕೂ ಕಳಿಸಲು ಶಿಫಾರಸು ಇರುವುದಿಲ್ಲ. ಅವಳನ್ನು ಹಟ್ಟಿಯಲ್ಲಿಯೇ ಇಟ್ಟುಕೊಂಡು, ದಿನಕ್ಕೆ ಮೂರು ಹೊತ್ತು ರಾಗಿ ಮುದ್ದೆ ಹಾಕಿ...”

ರಾಗಿ ಮುದ್ದೆ? ಯಶೋದಾ ತಲೆಯೆತ್ತಿದಳು. ಹನುಮಂತರಾಜು ಚೊಂಬೆತ್ತಿ ಗಟಗಟ ಮಜ್ಜಿಗೆ ಕುಡಿಯುತ್ತಿದ್ದರು. ಬಾಯಿ ಚೊಂಬಿನಲ್ಲಿತ್ತು. ದನಿ ಮಾತ್ರ ನಿಲ್ಲದೆ ಬರುತ್ತಿತ್ತು, ಮರದ ಹಿಂದಿನಿಂದ, ಒಂದು ನಿಟ್ಟುಸಿರನ್ನೂ ತಪ್ಪಿಸದೆ.

“...ಸಾಕುವುದು ಎಂದು ಈ ಮೂಲಕ...”

“ಲೇ ಯೋಗೀ!”

ಯೋಗೇಶ್ ಬೊಡ್ಡೆಯ ಆಚೆಯಿಂದ ತಲೆ ಹಾಕಿದ. ಹನುಮಂತರಾಜು ಅವರಿಗೆ ಮಜ್ಜಿಗೆ ನೆತ್ತಿಗೇರಿ ಕೆಮ್ಮು ಬಂತು. “ನನ್ ದನಿ ಹಂಗೈತಾ?” ಎಂದರು ಕೆಮ್ಮಿನ ನಡುವೆ, ನಿಜವಾಗಿಯೂ ಅನುಮಾನದಿಂದ. ಆಮೇಲೆ ಟ್ಯಾಬನ್ನು ಯಶೋದಾಳ ಕಡೆ ತಿರುಗಿಸಿದರು. “ನೀವು ಬರೋಕೆ ಮುಂಚೇನೇ ಕೇಳಿ ಮುಗಿಸಿ ರಿಪೋರ್ಟ್ ಕಳಿಸಿಬಿಟ್ಟೀನಮ್ಮ. ಆಮೇಲೆ ಇವರೆಲ್ಲ ಸೇರ್ಕಂಡು, ಒಂಚೂರು ಕುಂತ್ಕಳ್ರಿ ಸಾರ್, ತಮಾಷೆ ಐತೆ ಅಂದ್ರು.”

ತೆರೆಯ ಮೇಲೆ ಒಂದೇ ಸಾಲು. ಯಾವುದೇ ಪ್ರಕರಣ ಇರುವುದಿಲ್ಲ, ನಡತೆ ಉತ್ತಮ. ಯಶೋದಾ ಅದನ್ನು ಓದಿದಳು, ಮತ್ತೆ ಓದಿದಳು, ಪಕ್ಕದಲ್ಲಿ ಬಿದ್ದಿದ್ದ ಚಪ್ಪಲಿ ತೆಗೆದು ತಮ್ಮನ ಕಡೆ ಬೀಸಿದಳು. ಅದು ಅವನಿಗೆ ತಾಗದೆ ಮುದ್ದಕ್ಕನ ಕೋಳಿಗೆ ತಾಗಿತು.

“ಇದನ್ನೂ ಬರ್ಕಳಪ್ಪ!” ಎಂದು ಕಿರುಚಿದಳು ಓಬವ್ವ.

ಹಟ್ಟಿಯೇ ನಕ್ಕಿತು. ಚಿತ್ತಯ್ಯ ನಕ್ಕ, ಮುದ್ದಕ್ಕ ಕೋಳಿಯನ್ನು ಎತ್ತಿಕೊಂಡು ನಕ್ಕಳು, ಹನುಮಂತರಾಜು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಶೋದಾಳ ಹೊಟ್ಟೆಯೊಳಗಿಂದ ಮೊದಲು ಬಿಕ್ಕಳಿಕೆಯಂಥದೇನೋ ಬಂತು, ಅಳುವೇ ಇರಬೇಕೆಂದು ಅವಳೂ ಅಂದುಕೊಂಡಳು. ಅದು ನಗು. ತಿಂಗಳುಗಟ್ಟಲೆ ತೂಕಡಿಸಿ ಕೂತಿದ್ದ ನಗು, ದೊಡ್ಡಿಯ ಬಾಗಿಲು ತೆಗೆದಂತೆ ಒಂದರ ಹಿಂದೊಂದು ನುಗ್ಗಿ ಬಂತು. ಉಳಿದವರೆಲ್ಲ ನಕ್ಕು, ಸುಸ್ತಾಗಿ, ಮಜ್ಜಿಗೆಗೆ ಕೈಚಾಚಿದ ಮೇಲೂ ಅವಳು ದೂಳಿನಲ್ಲಿ ಕಾಲು ಚಾಚಿ, ಪಕ್ಕೆ ಹಿಡಿದುಕೊಂಡು, ಆಚೆ ದೊಡ್ಡಿಯ ಕುರಿಗಳೆಲ್ಲ ಕಿವಿ ನಿಮಿರಿಸಿ ನೋಡುವ ಹಾಗೆ ನಗುತ್ತಲೇ ಇದ್ದಳು.